ಅಪಘಾತ ವಿಮೆಯಿಂದ ಬಂದ ಅಂಗವೈಕಲ್ಯ ಪರಿಹಾರಕ್ಕೆ ತೆರಿಗೆ ಕಟ್ಟಬೇಕೆ? ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

ಕಳೆದ ತಿಂಗಳು ಓದುಗರೊಬ್ಬರು ನಮಗೆ ಎರಡು ವಾಟ್ಸ್‌ಆ್ಯಪ್ ಸಂದೇಶ ಕಳುಹಿಸಿ, ಕೆಳಗೆ ಹೀಗೆ ಬರೆದಿದ್ದರು: "ನಮ್ಮಣ್ಣ ಗೂಡ್ಸ್ ಆಟೋ ಓಡಿಸ್ತಿದ್ದ. ಅಪಘಾತದಲ್ಲಿ ಬಲಗಾಲು ಮೊಣಕಾಲಿನ ಕೆಳಗೆ ತೆಗೆಯಬೇಕಾಯ್ತು. ಹತ್ತು ಲಕ್ಷದ ಅಪಘಾತ ವಿಮೆ ಇದೆ. ಆದ್ರೆ ಈ ಮೆಸೇಜ್ ನೋಡಿ ಕ್ಲೇಮ್ ಫಾರಂಗೆ ಸಹಿ ಹಾಕೋಕೆ ಹೆದರ್ತಿದ್ದಾನೆ. ದುಡ್ಡು ಬಂದ್ಮೇಲೆ ಟ್ಯಾಕ್ಸ್‌ನೋರು ನೋಟಿಸ್ ಕೊಟ್ರೆ ಎಲ್ಲಿಂದ ಕಟ್ಟೋದು ಅಂತಾನೆ. ಇದು ನಿಜಾನಾ?"

ಅವರು ಕಳುಹಿಸಿದ ಮೊದಲ ಸಂದೇಶ ಹೀಗಿತ್ತು: "ಎಚ್ಚರ! ವಿಮೆ ಹಣ 1 ಲಕ್ಷ ದಾಟಿದರೆ ತೆರಿಗೆ ಕಟ್ಟಲೇಬೇಕು. 2% ಟಿಡಿಎಸ್ ಹಿಡಿಯುತ್ತಾರೆ. ಎಲ್ಲರಿಗೂ ತಿಳಿಸಿ." ಎರಡನೆಯದು ಇದಕ್ಕೆ ಪೂರ್ತಿ ಉಲ್ಟಾ: "ಅಂಗವೈಕಲ್ಯ ವಿಮೆಯ ಪ್ರೀಮಿಯಂ ನೀವೇ ಕಟ್ಟಿದ್ದರೆ ಒಂದು ಪೈಸೆ ತೆರಿಗೆ ಇಲ್ಲ. ಕಂಪನಿ ಕಟ್ಟಿದ್ದರೆ ಪೂರ್ತಿ ತೆರಿಗೆ."

ಒಂದೇ ಗುಂಪಿನಲ್ಲಿ ಎರಡೂ ಓಡಾಡುತ್ತಿವೆ. ಹಾಗಾದರೆ ಯಾವುದು ಸರಿ?

ಚಿಕ್ಕ ಉತ್ತರ

ಭಾರತದಲ್ಲಿ, ಅಪಘಾತದಿಂದ ಕೈ, ಕಾಲು ಅಥವಾ ಕಣ್ಣು ಕಳೆದುಕೊಂಡವರಿಗೆ ವಿಮಾ ಕಂಪನಿ ಒಂದೇ ಬಾರಿಗೆ ಕೊಡುವ ಪರಿಹಾರವನ್ನು ಸಾಮಾನ್ಯವಾಗಿ ಆದಾಯ ಎಂದು ಪರಿಗಣಿಸುವುದಿಲ್ಲ. ಆದಾಯವೇ ಅಲ್ಲದ ಮೇಲೆ ಅದಕ್ಕೆ ಆದಾಯ ತೆರಿಗೆಯೂ ಇಲ್ಲ. ಮೊದಲ ಸಂದೇಶ ಬೇರೆ ಬಗೆಯ ವಿಮೆಯ ನಿಯಮವನ್ನು ತಂದು ಇಲ್ಲಿಗೆ ಅಂಟಿಸಿದೆ. ಎರಡನೆಯದು ಬೇರೆ ದೇಶದ ನಿಯಮವನ್ನು ತಂದು ಇಲ್ಲಿ ಹೇಳುತ್ತಿದೆ.

ಆದರೆ "ಎಲ್ಲ ಸಂದರ್ಭದಲ್ಲೂ ತೆರಿಗೆ ಇಲ್ಲ" ಎಂದು ಕಣ್ಣುಮುಚ್ಚಿ ಹೇಳುವುದೂ ತಪ್ಪು. ಕೆಲಸಕ್ಕೆ ಹೋಗಲಾಗದ ದಿನಗಳಿಗೆಂದು ವಾರವಾರ ಬರುವ ಹಣ, ಕಂಪನಿ ಕೊಡುವ ಸಂಬಳ, ಪರಿಹಾರದ ಮೇಲೆ ಬರುವ ಬಡ್ಡಿ, ಇವುಗಳ ಲೆಕ್ಕವೇ ಬೇರೆ. ಒಂದೊಂದಾಗಿ ನೋಡೋಣ.

ಮೊದಲು, ಯಾವ ವಿಮೆಯ ಬಗ್ಗೆ ಮಾತಾಡುತ್ತಿದ್ದೇವೆ?

ನಮ್ಮಲ್ಲಿ "ಅಂಗವೈಕಲ್ಯ ವಿಮೆ" ಎಂಬ ಹೆಸರಿನಲ್ಲೇ ಪಾಲಿಸಿ ಮಾರುವುದು ಕಡಿಮೆ. ಹೆಚ್ಚಿನವರ ಬಳಿ ಇರುವುದು ವೈಯಕ್ತಿಕ ಅಪಘಾತ ವಿಮೆ. ಅಪಘಾತದಲ್ಲಿ ಸಾವು ಸಂಭವಿಸಿದರೆ ನಾಮಿನಿಗೆ, ಅಂಗವೈಕಲ್ಯ ಉಂಟಾದರೆ ಪಾಲಿಸಿದಾರರಿಗೇ ಹಣ ಕೊಡುವ ವಿಮೆ ಇದು.

2021ರ ಏಪ್ರಿಲ್‌ನಿಂದ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಇದಕ್ಕೊಂದು ಏಕರೂಪದ ಪಾಲಿಸಿ ತಂದಿದೆ. ಹೆಸರು "ಸರಳ ಸುರಕ್ಷಾ ಬಿಮಾ". ಎರಡೂವರೆ ಲಕ್ಷದಿಂದ ಒಂದು ಕೋಟಿ ರೂಪಾಯಿವರೆಗೆ ವಿಮೆ ಮಾಡಿಸಬಹುದು. ಇದರ ಜೊತೆಗೆ ಕಂಪನಿಗಳು ತಮ್ಮದೇ ಅಪಘಾತ ಪಾಲಿಸಿಗಳನ್ನೂ ಮಾರುತ್ತವೆ. ಜೀವ ವಿಮೆಗೆ ಜೋಡಿಸಿಕೊಳ್ಳುವ ಅಪಘಾತ ರೈಡರ್ ಇನ್ನೊಂದು ದಾರಿ.

ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯೂ ಅಪಘಾತ ವಿಮೆಯೇ. 2015ರಲ್ಲಿ ಶುರುವಾದಾಗ 12 ರೂಪಾಯಿ ಇತ್ತು, 2022ರ ಜೂನ್‌ನಿಂದ 20 ಆಯಿತು. ಯೋಜನೆ ಸರ್ಕಾರದ್ದು, ಆದರೆ ಹಣ ಕೊಡುವುದು ವಿಮಾ ಕಂಪನಿ. ಎರಡೂ ಕಣ್ಣು ಅಥವಾ ಎರಡೂ ಕೈಕಾಲು ಹೋದಂತಹ ಪೂರ್ಣ ಶಾಶ್ವತ ವೈಕಲ್ಯಕ್ಕೆ 2 ಲಕ್ಷ, ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಹೋದರೆ 1 ಲಕ್ಷ ರೂಪಾಯಿ.

ಇಂತಹ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಅಂಗವೈಕಲ್ಯಗಳನ್ನು ಹೇಳಿರುತ್ತಾರೆ.

ಒಂದು, ಶಾಶ್ವತ ಪೂರ್ಣ ವೈಕಲ್ಯ. ಇದಕ್ಕೆ ವಿಮೆಯ ಪೂರ್ತಿ ಮೊತ್ತ ಸಿಗುತ್ತದೆ.

ಎರಡು, ಶಾಶ್ವತ ಭಾಗಶಃ ವೈಕಲ್ಯ. ಯಾವ ಅಂಗ ಹೋಯಿತು ಎಂಬುದರ ಮೇಲೆ ಇಷ್ಟು ಶೇಕಡ ಎಂದು ಪಾಲಿಸಿಯಲ್ಲೇ ಪಟ್ಟಿ ಇರುತ್ತದೆ. ಒಂದು ಕೈ ಅಥವಾ ಒಂದು ಕಾಲಿಗೆ 50% ಕೊಡುವ ಪಾಲಿಸಿಗಳು ಹಲವು. ನಮಗೆ ಬರೆದ ಓದುಗರ ಅಣ್ಣನ ಹತ್ತು ಲಕ್ಷದ ಪಾಲಿಸಿಯಲ್ಲಿ ಇದೇ ಲೆಕ್ಕವಿದ್ದರೆ ಅವರಿಗೆ ಐದು ಲಕ್ಷ ಬರಬೇಕು.

ಮೂರು, ತಾತ್ಕಾಲಿಕ ಪೂರ್ಣ ವೈಕಲ್ಯ. ಮೂಳೆ ಮುರಿದು ಮೂರು ತಿಂಗಳು ಹಾಸಿಗೆ ಹಿಡಿದವರಂತೆ, ಮುಂದೆ ವಾಸಿಯಾಗುವ ಆದರೆ ಈಗ ಕೆಲಸ ಮಾಡಲಾಗದ ಸ್ಥಿತಿ. ಇದಕ್ಕೆ ವಾರಕ್ಕಿಷ್ಟು ಎಂದು ಹಣ ಕೊಡುತ್ತಾರೆ. ಸರಳ ಸುರಕ್ಷಾದಲ್ಲಿ ಇದು ಐಚ್ಛಿಕ ಸೌಲಭ್ಯ. ವಿಮೆ ಮೊತ್ತದ 0.2%, ಅಂದರೆ ಹತ್ತು ಲಕ್ಷಕ್ಕೆ ವಾರಕ್ಕೆ 2,000 ರೂಪಾಯಿ, ಗರಿಷ್ಠ 100 ವಾರ.

ತೆರಿಗೆಯ ಪ್ರಶ್ನೆಗೆ ಉತ್ತರ ಇರುವುದು ಈ ವಿಂಗಡಣೆಯಲ್ಲೇ.

ಕಾಲಿಗೆ ಬಂದ ದುಡ್ಡು ಏಕೆ ಆದಾಯವಲ್ಲ?

ಕೈಗೆ ಬಂದ ದುಡ್ಡೆಲ್ಲ ಆದಾಯ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ತೆರಿಗೆ ಕಾನೂನು ಹಾಗೆ ನೋಡುವುದಿಲ್ಲ. ಅದು ಬರುವ ಹಣವನ್ನು ಎರಡಾಗಿ ಒಡೆಯುತ್ತದೆ. ಒಂದು ಸಂಪಾದನೆ, ಇನ್ನೊಂದು ಬಂಡವಾಳ.

ಒಂದು ಮನೆಯ ಕೊಟ್ಟಿಗೆಯಲ್ಲಿ ಹಸು ಇದೆ ಎಂದುಕೊಳ್ಳಿ. ಡೇರಿಗೆ ಹಾಲು ಹಾಕಿ ಹತ್ತು ದಿನಕ್ಕೊಮ್ಮೆ ಬರುವ ಬಟವಾಡೆ ಸಂಪಾದನೆ. ಹಸು ಸತ್ತು ವಿಮೆ ಹಣ ಬಂದರೆ? ಮನೆಯವರು ಅದನ್ನು "ಈ ಸಲ ಒಳ್ಳೆ ಸಂಪಾದನೆ ಆಯ್ತು" ಎನ್ನುವುದಿಲ್ಲ. ಹೋದ ಹಸುವಿಗೆ ಬಂದ ದುಡ್ಡು ಅದು. ತೆರಿಗೆಯ ಲೆಕ್ಕದಲ್ಲಿ ಜಾನುವಾರಿಗೆ ಬೇರೆ ನಿಯಮಗಳಿವೆ, ಅದನ್ನು ಬಿಡಿ. ವಿಚಾರ ತಿಳಿಯಲು ಈ ಉದಾಹರಣೆ ಸಾಕು.

ಮನುಷ್ಯನ ಕಾಲೂ ಹಾಗೆಯೇ. ದುಡಿಯುವುದಕ್ಕೆ ಬೇಕಾದ ಮೂಲ ಶಕ್ತಿ ಅದು. ಅದು ಶಾಶ್ವತವಾಗಿ ಹೋದಾಗ ಬರುವ ಇಡಿಗಂಟು, ಕಳೆದುಕೊಂಡದ್ದಕ್ಕೆ ಪರಿಹಾರವೇ ಹೊರತು ಗಳಿಕೆಯಲ್ಲ. ಇಂತಹ ಹಣವನ್ನು ತೆರಿಗೆಯ ಭಾಷೆಯಲ್ಲಿ ಬಂಡವಾಳ ಸ್ವೀಕೃತಿ ಎನ್ನುತ್ತಾರೆ. ಕಾನೂನು ನಿರ್ದಿಷ್ಟವಾಗಿ "ಇದಕ್ಕೂ ತೆರಿಗೆ ಉಂಟು" ಎಂದು ಹೇಳದ ಹೊರತು ಬಂಡವಾಳ ಸ್ವೀಕೃತಿ ಆದಾಯದ ಲೆಕ್ಕಕ್ಕೆ ಸೇರುವುದಿಲ್ಲ. ಒಬ್ಬ ವ್ಯಕ್ತಿ ತನ್ನ ಅಪಘಾತ ಪಾಲಿಸಿಯಿಂದ ಪಡೆಯುವ ಇಡಿಗಂಟಿನ ಪರಿಹಾರದ ಬಗ್ಗೆ ಕಾನೂನಿನಲ್ಲಿ ಅಂತಹ ಮಾತಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಹಲವು ಜಾಲತಾಣಗಳು "ಸೆಕ್ಷನ್ 10(10ಡಿ) ಪ್ರಕಾರ ಅಪಘಾತ ವಿಮೆಗೆ ವಿನಾಯಿತಿ" ಎಂದು ಬರೆಯುತ್ತವೆ. 1961ರ ಆದಾಯ ತೆರಿಗೆ ಕಾಯ್ದೆಯ ಆ ಸೆಕ್ಷನ್ ಇರುವುದು ಜೀವ ವಿಮೆಗೆ. ಜೀವ ವಿಮೆಯ ಜೊತೆಗಿನ ರೈಡರ್‌ನಿಂದ ಬಂದ ಹಣಕ್ಕೆ ಅದನ್ನು ನೋಡಬಹುದು. ಪ್ರತ್ಯೇಕ ಅಪಘಾತ ಪಾಲಿಸಿಗೆ ತೆರಿಗೆ ಬೀಳದಿರುವುದು ಆ ವಿನಾಯಿತಿಯಿಂದಲ್ಲ, ಅದು ಮೊದಲಿಗೇ ಆದಾಯವಲ್ಲ ಎಂಬ ಕಾರಣದಿಂದ. ಫಲಿತಾಂಶ ಒಂದೇ, ದಾರಿ ಬೇರೆ.

ಅಂದಹಾಗೆ, 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ ಆದಾಯ ತೆರಿಗೆ ಕಾಯ್ದೆ, 2025 ಬಂದಿದೆ. ಹೊಸ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಜನರಿಗೆ ಪರಿಚಯವಿರುವುದು ಹಳೆಯ ಸಂಖ್ಯೆಗಳಾದ್ದರಿಂದ ಈ ಲೇಖನದಲ್ಲಿ ಅವನ್ನೇ ಬಳಸಿದ್ದೇವೆ.

ವಾರವಾರ ಬರುವ ಹಣದ ಕತೆ ಏನು?

ತಾತ್ಕಾಲಿಕ ವೈಕಲ್ಯಕ್ಕೆ ಬರುವ ವಾರದ ಹಣ ಸ್ವಲ್ಪ ಬೇರೆ. ಇಲ್ಲಿ ಅಂಗ ಹೋಗಿಲ್ಲ, ದುಡಿಮೆಯ ದಿನಗಳು ಹೋಗಿವೆ. ಆ ದಿನಗಳಲ್ಲಿ ಬರಬೇಕಿದ್ದ ಕೂಲಿ ಅಥವಾ ವ್ಯಾಪಾರದ ಲಾಭದ ಬದಲಿಗೆ ಈ ಹಣ ಬರುತ್ತಿದೆ ಎಂದು ವಾದಿಸಬಹುದು. ಹೋದ ಆದಾಯದ ಜಾಗದಲ್ಲಿ ಬಂದದ್ದು ಆದಾಯವೇ ಎಂಬುದೂ ತೆರಿಗೆ ಕಾನೂನಿನ ತರ್ಕವೇ. ಗಾಯದ ಕಾರಣಕ್ಕೆ ಬಂದ ಪರಿಹಾರವಾದ್ದರಿಂದ ಇದೂ ಆದಾಯವಲ್ಲ ಎಂಬ ವಾದವೂ ಇದೆ. ಕಾಯ್ದೆಯಲ್ಲಿ ಈ ಬಗ್ಗೆ ನೇರವಾದ ಒಂದು ವಾಕ್ಯವಿಲ್ಲ. ಹಾಗಾಗಿ ದೊಡ್ಡ ಮೊತ್ತದ ವಾರದ ಹಣ ಬಂದವರು ರಿಟರ್ನ್ಸ್ ಸಲ್ಲಿಸುವ ಮುನ್ನ ಒಬ್ಬ ಸಿಎ ಬಳಿ ಪಾಲಿಸಿಯನ್ನು ತೋರಿಸಿ ಕೇಳುವುದು ಒಳ್ಳೆಯದು.

ಆದರೆ ಇದನ್ನೇ ಓದಿ ಹೆದರಬೇಡಿ. "ಆದಾಯದ ಲೆಕ್ಕಕ್ಕೆ ಸೇರುತ್ತದೆ" ಎಂದರೆ "ತೆರಿಗೆ ಕಟ್ಟಬೇಕು" ಎಂದಲ್ಲ. 2025-26ನೇ ಹಣಕಾಸು ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ, ಇಲ್ಲಿ ನೆಲೆಸಿರುವ ವ್ಯಕ್ತಿಯ ವಾರ್ಷಿಕ ಆದಾಯ 12 ಲಕ್ಷ ರೂಪಾಯಿವರೆಗೆ ಇದ್ದರೆ ರಿಯಾಯಿತಿ ಕಳೆದು ತೆರಿಗೆ ಸೊನ್ನೆ. ಷೇರು ಮಾರಿದ ಲಾಭದಂತಹ ವಿಶೇಷ ದರದ ಆದಾಯಕ್ಕೆ ಮಾತ್ರ ಇದು ಅನ್ವಯಿಸುವುದಿಲ್ಲ.

ವರ್ಷಕ್ಕೆ ಮೂರು ಲಕ್ಷ ದುಡಿಯುವ ಆಟೋ ಚಾಲಕರಿಗೆ ವಾರಕ್ಕೆ 2,000ದಂತೆ 20 ವಾರ ಹಣ ಬಂತು ಎಂದುಕೊಳ್ಳೋಣ. ಒಟ್ಟು 40,000 ರೂಪಾಯಿ. ಪೂರ್ತಿ ಆದಾಯ ಎಂದೇ ಲೆಕ್ಕ ಹಾಕಿದರೂ ಮೊತ್ತ 3.4 ಲಕ್ಷ. ಕಟ್ಟಬೇಕಾದ ತೆರಿಗೆ ಏನೂ ಇಲ್ಲ. ಈ ಫಾರ್ವರ್ಡ್ ಓದಿ ಹೆದರುತ್ತಿರುವವರಲ್ಲಿ ಬಹುತೇಕರು ಇದೇ ಸಾಲಿನವರು.

ಕಂಪನಿ ಕೊಟ್ಟರೆ?

ಕೆಲಸದಲ್ಲಿರುವವರಿಗೆ ಎರಡು ಕಡೆಯಿಂದ ಹಣ ಬರಬಹುದು. ಕಂಪನಿ ಮಾಡಿಸಿದ ಗುಂಪು ಅಪಘಾತ ವಿಮೆಯಿಂದ ಅಂಗವೈಕಲ್ಯಕ್ಕೆ ಬರುವ ಪರಿಹಾರ ಒಂದು. ಚಿಕಿತ್ಸೆಯ ಅವಧಿಯಲ್ಲಿ ಕಂಪನಿಯೇ ಮುಂದುವರಿಸುವ ಸಂಬಳ ಇನ್ನೊಂದು.

ಎರಡನೆಯದರಲ್ಲಿ ಗೊಂದಲವಿಲ್ಲ. ಆಸ್ಪತ್ರೆಯಲ್ಲಿದ್ದರೂ ಸಂಬಳ ಸಂಬಳವೇ. ಫಾರಂ 16ರಲ್ಲಿ ಸಂಬಳವೆಂದು ಬಂದ ಹಣ ಆದಾಯದ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ವಿಮೆಯ ಪರಿಹಾರ ಕಂಪನಿಯ ಮೂಲಕ ನಿಮಗೆ ತಲುಪುತ್ತಿದ್ದರೆ, ಅದನ್ನು ಯಾವ ಹೆಸರಿನಲ್ಲಿ ತೋರಿಸುತ್ತಿದ್ದಾರೆ ಎಂದು ಎಚ್‌ಆರ್ ವಿಭಾಗವನ್ನು ಲಿಖಿತವಾಗಿ ಕೇಳಿ. ಕಾಲಿಗೆ ಬಂದ ಪರಿಹಾರ ಸಂಬಳದ ಪಟ್ಟಿಗೆ ಸೇರಿ ಟಿಡಿಎಸ್ ಕಡಿತವಾದ ಮೇಲೆ ಓಡಾಡುವುದಕ್ಕಿಂತ ಮೊದಲೇ ಕೇಳುವುದು ಸುಲಭ.

"1 ಲಕ್ಷ ದಾಟಿದರೆ 2%" ಎಲ್ಲಿಂದ ಬಂತು?

ಈ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ಹೆಚ್ಚಿನ ಸುಳ್ಳು ಫಾರ್ವರ್ಡ್‌ಗಳಂತೆ ಇದರಲ್ಲೂ ಒಂದು ನಿಜದ ಚೂರು ಇದೆ.

1961ರ ಕಾಯ್ದೆಯಲ್ಲಿ ಸೆಕ್ಷನ್ 194ಡಿಎ ಎಂದಿದೆ. ಜೀವ ವಿಮಾ ಪಾಲಿಸಿಯ ಹಣ ತೆರಿಗೆ ವಿನಾಯಿತಿಯ ಷರತ್ತುಗಳಿಗೆ ಹೊಂದದಿದ್ದರೆ, ಮತ್ತು ವರ್ಷದಲ್ಲಿ ಕೊಡುವ ಮೊತ್ತ 1 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ವಿಮಾ ಕಂಪನಿ ಟಿಡಿಎಸ್ ಹಿಡಿಯಬೇಕು. ಅದೂ ಪೂರ್ತಿ ಹಣದ ಮೇಲಲ್ಲ, ಕಟ್ಟಿದ ಪ್ರೀಮಿಯಂ ಕಳೆದು ಉಳಿದ ಲಾಭದ ಮೇಲೆ. ದರ ಮೊದಲು 5% ಇತ್ತು, 2024ರ ಅಕ್ಟೋಬರ್ 1ರಿಂದ 2% ಆಯಿತು.

ಜೀವ ವಿಮೆಯಲ್ಲಿ ಜನ ಹಣ ಹೂಡಿ ಲಾಭ ಪಡೆಯುವುದೂ ಇದೆಯಲ್ಲ, ಈ ನಿಯಮದ ಕಣ್ಣು ಇರುವುದು ಅದರ ಮೇಲೆ. ಉದಾಹರಣೆಗೆ, 2012ರ ಏಪ್ರಿಲ್ ನಂತರ ತೆಗೆದುಕೊಂಡ ಪಾಲಿಸಿಯಲ್ಲಿ ವರ್ಷದ ಪ್ರೀಮಿಯಂ ವಿಮೆ ಮೊತ್ತದ 10% ದಾಟಿದರೆ ಅವಧಿ ಮುಗಿದಾಗ ಬರುವ ಹಣಕ್ಕೆ ವಿನಾಯಿತಿ ಸಾಮಾನ್ಯವಾಗಿ ಸಿಗುವುದಿಲ್ಲ. ಪಾಲಿಸಿದಾರರು ತೀರಿಕೊಂಡಾಗ ಕುಟುಂಬಕ್ಕೆ ಬರುವ ಹಣಕ್ಕೆ ಈ 10% ಷರತ್ತು ಅಡ್ಡ ಬರುವುದಿಲ್ಲ.

ಈಗ ಫಾರ್ವರ್ಡ್ ಮತ್ತೆ ಓದಿ. "ಜೀವ ವಿಮೆ" ಎಂಬಲ್ಲಿ "ವಿಮೆ" ಎಂದಷ್ಟೇ ಉಳಿದಿದೆ. "ವಿನಾಯಿತಿ ಇಲ್ಲದ ಪಾಲಿಸಿ" ಎಂಬ ಮಾತು ಬಿದ್ದುಹೋಗಿದೆ. "ಲಾಭದ ಮೇಲೆ" ಎಂಬುದೂ ಮಾಯವಾಗಿದೆ. ಮೂರು ಪದ ಬಿಟ್ಟುಹೋದದ್ದಕ್ಕೆ, ಕಾಲು ಕಳೆದುಕೊಂಡ ವ್ಯಕ್ತಿಯೊಬ್ಬರು ತಮಗೆ ಬರಬೇಕಾದ ಹಣವನ್ನೇ ಕೇಳಲು ಹೆದರುತ್ತಿದ್ದಾರೆ.

"ಯಾರು ಪ್ರೀಮಿಯಂ ಕಟ್ಟಿದರು" ಎಂಬುದು ಅಮೆರಿಕದ ಲೆಕ್ಕ

ಎರಡನೇ ಸಂದೇಶದ ಮೂಲ ಇನ್ನೂ ದೂರದಲ್ಲಿದೆ. ಅಮೆರಿಕದಲ್ಲಿ ಅಂಗವೈಕಲ್ಯ ವಿಮೆ ನಿಜಕ್ಕೂ ಪ್ರತ್ಯೇಕ ವಿಮೆಯಾಗಿಯೇ ಇದೆ. ಅಪಘಾತವಿರಲಿ, ಕಾಯಿಲೆಯಿರಲಿ, ಕೆಲಸ ಮಾಡಲಾಗದಿದ್ದರೆ ತಿಂಗಳ ಸಂಬಳದ ಒಂದು ಪಾಲನ್ನು, ಸಾಮಾನ್ಯವಾಗಿ ಸುಮಾರು 60% ಅನ್ನು, ವಿಮಾ ಕಂಪನಿ ಕೊಡುತ್ತದೆ. ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಕನ್ನಡಿಗರಲ್ಲಿ ಅನೇಕರಿಗೆ ಕಂಪನಿಯ ಕಡೆಯಿಂದ ಈ ವಿಮೆ ಇರುತ್ತದೆ. ಅಲ್ಲಿನವರ ಗುಂಪಿನಲ್ಲಿ ಸರಿಯಾಗಿದ್ದ ಮಾತು ಇಲ್ಲಿನ ಕುಟುಂಬದ ಗುಂಪಿಗೆ ಬಂದಾಗ, ದೇಶದ ಹೆಸರು ಕಳಚಿಹೋದರೆ ತಪ್ಪು ಮಾಹಿತಿಯಾಗುತ್ತದೆ.

ಅಲ್ಲಿರುವವರು ಇದನ್ನು ಓದುತ್ತಿದ್ದರೆ, ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನ ನಿಯಮ ಹೀಗಿದೆ:

- ಪ್ರೀಮಿಯಂ ಪೂರ್ತಿ ಕಂಪನಿ ಕಟ್ಟಿದ್ದು, ಅದು ನಿಮ್ಮ ತೆರಿಗೆಯ ಆದಾಯಕ್ಕೆ ಸೇರಿರದಿದ್ದರೆ, ವಿಮೆಯಿಂದ ಬರುವ ತಿಂಗಳ ಹಣಕ್ಕೆ ತೆರಿಗೆ ಇದೆ.
- ತೆರಿಗೆ ಕಡಿತವಾದ ಮೇಲಿನ ಸ್ವಂತ ಹಣದಿಂದ ನೀವೇ ಪೂರ್ತಿ ಕಟ್ಟಿದ್ದರೆ, ತೆರಿಗೆ ಇಲ್ಲ. ನೀವೇ ಹೊರಗಡೆ ಕೊಂಡ ಖಾಸಗಿ ಪಾಲಿಸಿಗೂ ಇದೇ ಲೆಕ್ಕ.
- ಇಬ್ಬರೂ ಸೇರಿ ಕಟ್ಟಿದ್ದರೆ, ಕಂಪನಿಯ ಪಾಲಿಗೆ ತಕ್ಕಷ್ಟು ಹಣಕ್ಕೆ ಮಾತ್ರ ತೆರಿಗೆ.
- ಪ್ರೀಮಿಯಂ ನಿಮ್ಮ ಸಂಬಳದಿಂದಲೇ ಹೋಗುತ್ತಿದ್ದರೂ ತೆರಿಗೆ ಲೆಕ್ಕ ಹಾಕುವ ಮೊದಲೇ ಕಡಿತವಾಗುತ್ತಿದ್ದರೆ, ಅದನ್ನು ಕಂಪನಿ ಕಟ್ಟಿದಂತೆಯೇ ನೋಡುತ್ತಾರೆ. ಹಣ ಬಂದಾಗ ತೆರಿಗೆ ಬೀಳುತ್ತದೆ.

ಬಹಳ ಜನ ಎಡವುವುದು ಈ ಕೊನೆಯ ಅಂಶದಲ್ಲಿ. "ನನ್ನ ಸಂಬಳದಿಂದ ತಾನೇ ಹೋಗ್ತಿದೆ, ಹಾಗಾಗಿ ತೆರಿಗೆ ಇಲ್ಲ" ಎಂದುಕೊಳ್ಳುತ್ತಾರೆ.

ತಿಂಗಳಿಗೆ 10,000 ಡಾಲರ್ ಸಂಬಳದವರಿಗೆ 60% ಲೆಕ್ಕದಲ್ಲಿ 6,000 ಡಾಲರ್ ಬರುತ್ತದೆ ಎಂದುಕೊಳ್ಳಿ. ಸ್ವಂತ ಹಣದಿಂದ ಪ್ರೀಮಿಯಂ ಕಟ್ಟಿದ್ದರೆ ಆ 6,000 ಪೂರ್ತಿ ಮನೆಗೆ. ಕಂಪನಿ ಕಟ್ಟಿದ್ದರೆ 6,000 ಪೂರ್ತಿ ತೆರಿಗೆಯ ಲೆಕ್ಕಕ್ಕೆ. ಅರ್ಧರ್ಧ ಕಟ್ಟಿದ್ದರೆ 3,000 ಡಾಲರ್ ಮಾತ್ರ ಲೆಕ್ಕಕ್ಕೆ. ಕಾಯಿಲೆ ಬಂದ ಮೇಲೆ ಇದನ್ನು ಬದಲಿಸಲು ಆಗುವುದಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆ ಕಂಪನಿ ವಿಮೆಯ ಆಯ್ಕೆ ಕೇಳುವಾಗಲೇ, ಪ್ರೀಮಿಯಂ ತೆರಿಗೆಗೆ ಮೊದಲು ಹೋಗುತ್ತದೋ ನಂತರವೋ ಎಂದು ನೋಡಿಕೊಳ್ಳಬೇಕು.

ಒಂದು ಕುತೂಹಲದ ಸಂಗತಿ. ಅಮೆರಿಕದಲ್ಲೂ, ಅಂಗವೇ ಶಾಶ್ವತವಾಗಿ ಹೋದದ್ದಕ್ಕೆ ಗಾಯದ ಸ್ವರೂಪ ನೋಡಿ ಕೊಡುವ ಪರಿಹಾರಕ್ಕೆ, ಅದು ಕೆಲಸಕ್ಕೆ ಎಷ್ಟು ದಿನ ಬರಲಿಲ್ಲ ಎಂಬುದನ್ನು ಆಧರಿಸದಿದ್ದರೆ, ಪ್ರೀಮಿಯಂ ಕಂಪನಿ ಕಟ್ಟಿದ್ದರೂ ತೆರಿಗೆ ಇಲ್ಲ. ಅಂದರೆ ಎರಡೂ ದೇಶದ ಕಾನೂನು ಒಂದು ವಿಷಯದಲ್ಲಿ ಹತ್ತಿರ ಬರುತ್ತವೆ. ಹೋದ ಅಂಗಕ್ಕೆ ಬಂದ ಹಣ ಬೇರೆ, ಹೋದ ಸಂಬಳಕ್ಕೆ ಬಂದ ಹಣ ಬೇರೆ.

ಪರಿಹಾರಕ್ಕೆ ತೆರಿಗೆ ಇಲ್ಲ, ಅದರ ಬಡ್ಡಿಗೆ?

ಮತ್ತೆ ನಮ್ಮಲ್ಲಿಗೆ ಬರೋಣ. ಐದು ಲಕ್ಷ ಬಂತು, ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟಿರಿ. ಆ ಐದು ಲಕ್ಷ ಆದಾಯವಲ್ಲ. ಆದರೆ ಅದರಿಂದ ಬರುವ ಬಡ್ಡಿ ಖಂಡಿತ ಆದಾಯ. 7% ಬಡ್ಡಿ ಸಿಕ್ಕರೆ ವರ್ಷಕ್ಕೆ 35,000 ರೂಪಾಯಿ. 2025ರ ಏಪ್ರಿಲ್‌ನಿಂದ ಒಂದು ಬ್ಯಾಂಕಿನ ಬಡ್ಡಿ ವರ್ಷಕ್ಕೆ 50,000 ರೂಪಾಯಿ ದಾಟಿದರೆ ಮಾತ್ರ ಬ್ಯಾಂಕ್ ಟಿಡಿಎಸ್ ಹಿಡಿಯುತ್ತದೆ. ಹಿರಿಯ ನಾಗರಿಕರಿಗೆ ಈ ಮಿತಿ 1 ಲಕ್ಷ. ಟಿಡಿಎಸ್ ಹಿಡಿದಿಲ್ಲ ಎಂದ ಮಾತ್ರಕ್ಕೆ ಬಡ್ಡಿ ಲೆಕ್ಕಕ್ಕಿಲ್ಲ ಎಂದಲ್ಲ. ರಿಟರ್ನ್ಸ್ ಸಲ್ಲಿಸುವವರು ಅದನ್ನು ತೋರಿಸಬೇಕು.

ಇನ್ನೊಂದು ಬಡ್ಡಿಯೂ ಇದೆ. ವಿಮಾ ಕಂಪನಿ ಕ್ಲೇಮ್ ಹಣ ಕೊಡಲು ನಿಗದಿತ ಅವಧಿಗಿಂತ ತಡ ಮಾಡಿದರೆ, ಬ್ಯಾಂಕ್ ದರಕ್ಕಿಂತ 2% ಹೆಚ್ಚು ಬಡ್ಡಿ ಸೇರಿಸಿ ಕೊಡಬೇಕು ಎಂಬುದು ಐಆರ್‌ಡಿಎಐ ನಿಯಮ. ಈ ಬಡ್ಡಿಯೂ ಆದಾಯವೇ. ಆದ್ದರಿಂದ ಕ್ಲೇಮ್ ಇತ್ಯರ್ಥದ ಪತ್ರದಲ್ಲಿ ಪರಿಹಾರ ಎಷ್ಟು, ಬಡ್ಡಿ ಎಷ್ಟು ಎಂದು ಬೇರೆ ಬೇರೆ ಬರೆಸಿಕೊಳ್ಳಿ.

ಜೊತೆಗೆ ಓಡಾಡುವ ಇನ್ನೆರಡು ಗೊಂದಲ

"ಅಪಘಾತ ವಿಮೆಯ ಪ್ರೀಮಿಯಂಗೆ 80ಡಿಯಲ್ಲಿ ತೆರಿಗೆ ಉಳಿಸಬಹುದು" ಎಂಬುದು ಒಂದು. 80ಡಿ ಇರುವುದು ಆರೋಗ್ಯ ವಿಮೆಗೆ, 80ಸಿ ಜೀವ ವಿಮೆಗೆ. ಪ್ರತ್ಯೇಕವಾಗಿ ಕೊಂಡ ವೈಯಕ್ತಿಕ ಅಪಘಾತ ಪಾಲಿಸಿಯ ಪ್ರೀಮಿಯಂ ಇವೆರಡರಲ್ಲೂ ಬರುವುದಿಲ್ಲ.

"ಅಂಗವೈಕಲ್ಯ ಇದ್ದವರಿಗೆ ತೆರಿಗೆ ರಿಯಾಯಿತಿ ಇದೆ" ಎಂಬುದು ಇನ್ನೊಂದು. ಇದು ನಿಜ, ಆದರೆ ವಿಮೆಗೂ ಇದಕ್ಕೂ ಸಂಬಂಧವಿಲ್ಲ. ಸೆಕ್ಷನ್ 80ಯು ಪ್ರಕಾರ 40% ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಇರುವವರು ತಮ್ಮ ಆದಾಯದಲ್ಲಿ 75,000 ರೂಪಾಯಿ, 80% ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ಕಳೆಯಬಹುದು. ಅವಲಂಬಿತರಲ್ಲಿ ವೈಕಲ್ಯ ಇದ್ದವರನ್ನು ನೋಡಿಕೊಳ್ಳುವವರಿಗೆ 80ಡಿಡಿ ಇದೆ. ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ ಇವು ಸಿಗುತ್ತವೆ.

ಎಚ್ಚರ: "ಮೊದಲು ತೆರಿಗೆ ಕಟ್ಟಿ, ಆಮೇಲೆ ಹಣ" ಎಂದರೆ ಅದು ಮೋಸ

ತೆರಿಗೆಯ ಹೆದರಿಕೆ ಹುಟ್ಟಿಸುವ ಸಂದೇಶಗಳಿಂದ ಆಗುವ ದೊಡ್ಡ ಅಪಾಯ ಇದು. "ನಿಮ್ಮ ಕ್ಲೇಮ್ ಮಂಜೂರಾಗಿದೆ, 2% ಟಿಡಿಎಸ್ ಕಟ್ಟಿದರೆ ಹಣ ಬಿಡುಗಡೆ" ಎಂದು ಯಾರಾದರೂ ಕರೆ ಮಾಡಿದರೆ, ಮೊದಲೇ ಆ ಫಾರ್ವರ್ಡ್ ಓದಿದವರು ನಂಬಿಬಿಡುತ್ತಾರೆ.

ಟಿಡಿಎಸ್ ಎಂಬ ಹೆಸರಿನ ಅರ್ಥವೇ ಮೂಲದಲ್ಲಿ ಕಡಿತ. ಕಡಿತ ಮಾಡುವುದಿದ್ದರೆ ಕೊಡುವವರು ಕೊಡುವ ಹಣದಲ್ಲೇ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಪಡೆಯುವವರು ಮುಂಗಡವಾಗಿ ಕಟ್ಟುವ ಟಿಡಿಎಸ್ ಎಂಬುದೇ ಇಲ್ಲ. ಹಾಗೆ ಕೇಳಿದವರಿಗೆ ಒಟಿಪಿ, ಖಾತೆಯ ವಿವರ, ಹಣ ಏನನ್ನೂ ಕೊಡಬೇಡಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಾಗಾದರೆ ಏನು ಮಾಡಬೇಕು?

1. ಕ್ಲೇಮ್ ತಡ ಮಾಡಬೇಡಿ. ಪಾಲಿಸಿಯಲ್ಲಿ ಅವಧಿ ನಮೂದಾಗಿರುತ್ತದೆ, ನೋಡಿ. 20 ರೂಪಾಯಿಯ ಸುರಕ್ಷಾ ಬಿಮಾ ಇದ್ದರೆ ಖಾತೆ ಇರುವ ಬ್ಯಾಂಕ್ ಶಾಖೆಗೆ ಆದಷ್ಟು ಬೇಗ ಹೋಗಿ ಫಾರಂ ಕೊಡಿ. ಎರಡು ಪಾಲಿಸಿ ಇದ್ದರೆ ಎರಡರಲ್ಲೂ ಅರ್ಜಿ ಹಾಕಿ.

2. ಕಾಗದಗಳನ್ನು ಕೂಡಿಡಿ. ಎಫ್‌ಐಆರ್ ಪ್ರತಿ, ಆಸ್ಪತ್ರೆಯ ದಾಖಲೆ, ಅಂಗವೈಕಲ್ಯ ಪ್ರಮಾಣಪತ್ರ, ಪಾಲಿಸಿ ಪ್ರತಿ, ಕ್ಲೇಮ್ ಇತ್ಯರ್ಥದ ಪತ್ರ. ನಾಳೆ ತೆರಿಗೆ ಇಲಾಖೆ "ಈ ಐದು ಲಕ್ಷ ಎಲ್ಲಿಂದ ಬಂತು?" ಎಂದು ಕೇಳಿದರೆ ಇವೇ ಉತ್ತರ. ನೋಟಿಸ್ ಎಂದರೆ ಶಿಕ್ಷೆಯಲ್ಲ, ಅದೊಂದು ಪ್ರಶ್ನೆ.

3. ವಾರದ ಹಣ ಅಥವಾ ಬಡ್ಡಿ ಬಂದಿದ್ದರೆ ಅದನ್ನು ಇಡಿಗಂಟಿನ ಪರಿಹಾರದಿಂದ ಬೇರೆಯಾಗಿ ಬರೆದಿಡಿ.

4. ವಿಮಾ ಕಂಪನಿ ಸತಾಯಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಬೆಂಗಳೂರಿನಲ್ಲಿ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಐಆರ್‌ಡಿಎಐ ಸಹಾಯವಾಣಿ 155255.

ನಮ್ಮ ತೀರ್ಮಾನ

"ವಿಮೆ ಹಣ 1 ಲಕ್ಷ ದಾಟಿದರೆ ತೆರಿಗೆ" ಎಂಬುದು ಅಪಘಾತ ವಿಮೆಯ ಅಂಗವೈಕಲ್ಯ ಪರಿಹಾರದ ಮಟ್ಟಿಗೆ ತಪ್ಪು. ಜೀವ ವಿಮೆಯ ನಿಯಮವೊಂದನ್ನು ಅರ್ಧ ಕತ್ತರಿಸಿ ಹೇಳಿದ್ದು.

"ಪ್ರೀಮಿಯಂ ಯಾರು ಕಟ್ಟಿದರು ಎಂಬುದರ ಮೇಲೆ ತೆರಿಗೆ" ಎಂಬುದು ಅಮೆರಿಕದಲ್ಲಿ ಬಹುಮಟ್ಟಿಗೆ ಸರಿ, ಇಲ್ಲಿಗೆ ತಂದರೆ ದಾರಿ ತಪ್ಪಿಸುತ್ತದೆ.

ಇಲ್ಲಿ ಕೇಳಬೇಕಾದ ಪ್ರಶ್ನೆ: ಈ ಹಣ ಬಂದದ್ದು ಯಾವುದಕ್ಕೆ ಬದಲಾಗಿ? ಹೋದ ಅಂಗಕ್ಕೆ ಬಂದ ಇಡಿಗಂಟಾದರೆ ಆದಾಯವಲ್ಲ. ಸಂಬಳವೋ ಬಡ್ಡಿಯೋ ಆಗಿದ್ದರೆ ಆದಾಯ. ವಾರದ ಹಣವಾಗಿದ್ದರೆ ಸಿಎ ಬಳಿ ಒಮ್ಮೆ ಕೇಳಿ.

ನಮಗೆ ಬರೆದ ಓದುಗರಿಗೆ ನಾವು ಕೊಟ್ಟ ಉತ್ತರವೂ ಇಷ್ಟೇ. ನಿಮ್ಮಣ್ಣನಿಗೆ ಹೇಳಿ, ಅದು ಅವರು ಪ್ರೀಮಿಯಂ ಕಟ್ಟಿ ಪಡೆದ ಹಕ್ಕು. ಕಾಲಿಗೆ ಬಂದ ಆ ಐದು ಲಕ್ಷವನ್ನು ಆದಾಯವೆಂದು ಯಾರೂ ಕೇಳುವಂತಿಲ್ಲ. ಕೃತಕ ಕಾಲು ಹಾಕಿಸಿಕೊಳ್ಳುವುದಕ್ಕೋ, ಕುಳಿತು ಮಾಡುವ ವ್ಯಾಪಾರವೊಂದಕ್ಕೋ ಅದು ಬೇಕಾಗುತ್ತದೆ. ಫಾರಂಗೆ ಇವತ್ತೇ ಸಹಿ ಹಾಕಿಸಿ.

ನಿಮ್ಮ ಗುಂಪಿಗೂ ಆ ಎರಡು ಸಂದೇಶಗಳಲ್ಲಿ ಒಂದು ಬಂದಿದ್ದರೆ, ಮುಂದಕ್ಕೆ ಕಳುಹಿಸುವ ಮುನ್ನ ಒಂದು ಕ್ಷಣ ಯೋಚಿಸಿ. ಆ ಗುಂಪಿನಲ್ಲಿ ಯಾರ ಮನೆಯಲ್ಲಿ ಯಾರು ಇಂತಹ ಫಾರಂ ಮುಂದಿಟ್ಟುಕೊಂಡು ಕುಳಿತಿದ್ದಾರೋ ನಮಗೆ ಗೊತ್ತಿರುವುದಿಲ್ಲ.